ತಿಮ್ಮಯ್ಯ ಕೇಳಿದ ನಾಲ್ಕು ವರ್ಷ

ಬಂಡೂರಿನ ತಿಮ್ಮಯ್ಯ ಸಾಯಲು ತಯಾರಾಗಿ ಎಂಟು ವರ್ಷವಾಗಿತ್ತು. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಹೊತ್ತಿಗೆರಡು ಮುದ್ದೆ ಇಳಿಯುತ್ತಿತ್ತು, ಮಲಗಿದರೆ ಗೊರಕೆ ಮೂರನೇ ಮನೆಗೆ ಕೇಳುತ್ತಿತ್ತು. ತಿಂಗಳಿಗೊಮ್ಮೆ ಬರುವ ಆಶಾ ಕಾರ್ಯಕರ್ತೆ ಅವನ ಬಿ.ಪಿ. ನೋಡಿ, ಆಮೇಲೆ ತನ್ನದನ್ನೂ ನೋಡಿಕೊಂಡು, ಬೇಜಾರಾಗಿ ಮುಂದಿನ ಮನೆಗೆ ಹೋಗುತ್ತಿದ್ದಳು. ಆದರೂ ಸಾವು ಹತ್ತಿರದಲ್ಲೇ ಇದೆ ಎಂಬುದರಲ್ಲಿ ತಿಮ್ಮಯ್ಯನಿಗೆ ಸಂದೇಹವಿರಲಿಲ್ಲ. ಅವನ ತಾತ ಅರವತ್ತೆಂಟಕ್ಕೆ ಹೋಗಿದ್ದ, ಅಪ್ಪ ಅರವತ್ತೊಂಬತ್ತಕ್ಕೆ ಹೋಗಿದ್ದ, ಅಣ್ಣ ಎಪ್ಪತ್ತು ತುಂಬಲು ಎರಡು ತಿಂಗಳಿದ್ದಾಗ ಹೋಗಿದ್ದ. ಆ ಮನೆಯ ಗಂಡಸರು ಎಪ್ಪತ್ತರ ಹೊಸಿಲು ದಾಟಿದ್ದನ್ನು ಊರು ಕಂಡಿರಲಿಲ್ಲ. ಹಾಗಾಗಿ ಅರವತ್ತೊಂಬತ್ತು ತುಂಬಿದ ದಿನವೇ ತಿಮ್ಮಯ್ಯ ಮನಸ್ಸಿನೊಳಗೆ ಗಂಟುಮೂಟೆ ಕಟ್ಟಿಬಿಟ್ಟ.

ಎಪ್ಪತ್ತು ಬಂತು, ಹೋಯಿತು. ಎಪ್ಪತ್ತೈದೂ ಹೋಯಿತು. ಕಟ್ಟಿದ ಗಂಟನ್ನು ಮಾತ್ರ ತಿಮ್ಮಯ್ಯ ಬಿಚ್ಚಲಿಲ್ಲ. ಯಾರಾದರೂ ಕೇಳಿದರೆ ಅವನ ಹೆಂಡತಿ ಹೊಂಬಾಳಮ್ಮ ರಾಗಿ ಕೇರುತ್ತಾ ಮೊರದಿಂದ ಕಣ್ಣೆತ್ತದೆ ಉತ್ತರ ಕೊಡುತ್ತಿದ್ದಳು: "ಎಂಟು ವರ್ಸದಿಂದ ಬ್ಯಾಗ್ ಇಡ್ಕಂಡು ಸ್ಟಾಪ್‌ನಲ್ಲಿ ನಿಂತವ್ನೆ. ಬಸ್ಸೇ ಬತ್ತಿಲ್ಲ ಕಣಪ್ಪ."

ಹೀಗೆ ನಿಂತ ಮನುಷ್ಯನ ಸಂಸಾರ ಹೇಗಿರುತ್ತದೆ ಎಂಬುದನ್ನು ಹೊಂಬಾಳಮ್ಮನ ಬಾಯಲ್ಲೇ ಕೇಳಬೇಕು. ತಿಮ್ಮಯ್ಯ ಹೊಸ ಚಪ್ಪಲಿ ತರಲಿಲ್ಲ. ಹಳೆಯದಕ್ಕೇ ಮಳವಳ್ಳಿ ಬಸ್ ಸ್ಟ್ಯಾಂಡಿನ ಪಕ್ಕ ಕೂರುವವನ ಹತ್ತಿರ ಹೊಲಿಗೆ ಹಾಕಿಸಿ ಹಾಕಿಸಿ, ಕೊನೆಗೆ ಅದರಲ್ಲಿ ಚರ್ಮಕ್ಕಿಂತ ದಾರವೇ ಜಾಸ್ತಿಯಾಯಿತು. ಕೊಡೆಯ ಕಡ್ಡಿ ಮುರಿದರೆ, ಇನ್ನು ಒಂದು ಮಳೆಗಾಲಕ್ಕೆ ಇಷ್ಟು ಸಾಕು ಎಂದ. ಆ ಒಂದು ಮಳೆಗಾಲ ಆರು ಸಲ ಬಂತು. ಹಲ್ಲು ಕಟ್ಟಿಸಿಕೋ ಎಂದರೆ, ಯಾಕೆ ಎಂದ. ಅದೊಂದಕ್ಕೆ ಮಾತ್ರ ಎದುರು ಮಾತಾಡುವ ಹಾಗಿರಲಿಲ್ಲ, ಏಕೆಂದರೆ ಮುದ್ದೆಯನ್ನು ನುಂಗಬೇಕೇ ಹೊರತು ಅಗಿಯಬಾರದು ಎಂಬುದು ಮಂಡ್ಯ ಸೀಮೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ. ಮಗ ರಘುನಂದನ್ ಊರಿನ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಹೊಸ ವರ್ಷಕ್ಕೆ ಡೈರಿಯ ಕ್ಯಾಲೆಂಡರ್ ತಂದು ಗೋಡೆಗೆ ನೇತುಹಾಕಿದರೆ ತಿಮ್ಮಯ್ಯ ಅದನ್ನು ತಿರುವಿ ನೋಡಿ, ನನಗೆ ಜೂನ್‌ವರೆಗೆ ಇದ್ದರೆ ಸಾಕು ಎನ್ನುತ್ತಿದ್ದ.

ಕುರಿಗಳ ವಿಷಯದಲ್ಲೂ ಹಾಗೆಯೇ ಮಾಡಿದ. ಇದು ಮಾತ್ರ ನಗುವ ಮಾತಲ್ಲ.

ಬಂಡೂರು ಕುರಿಯ ಹೆಸರು ಕೇಳದವರು ನಮ್ಮ ಕಡೆ ಯಾರೂ ಇಲ್ಲ, ರುಚಿ ನೋಡದವರು ಇರಬಹುದು. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಎಲೆಯಂತೆ ಜೋತುಬಿದ್ದ ಕಿವಿ. ಹಿಂದೆ ನಿಂತು ನೋಡಿದರೆ ಎರಡು ತೊಡೆಯ ನಡುವೆ ಲಾಳವನ್ನು ತಲೆಕೆಳಗು ಮಾಡಿಟ್ಟ ಆಕಾರ. ಆದರೆ ನೋಡಿ ಹೇಳುವವರು ನೂರು ಜನ ಸಿಗುತ್ತಾರೆ. ತಿಮ್ಮಯ್ಯ ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದ. ಅವನಿಗೆ ಹನ್ನೆರಡು ವರ್ಷವಾಗಿದ್ದಾಗ ಅವನಪ್ಪ ಕಣ್ಣಿಗೆ ಟವೆಲ್ ಬಿಗಿದು ಕೊಟ್ಟಿಗೆಯೊಳಕ್ಕೆ ತಳ್ಳಿ, ಒಳ್ಳೆಯ ಮರಿ ಹಿಡಿದುಕೊಂಡು ಬಾ, ಇಲ್ಲದಿದ್ದರೆ ಊಟಕ್ಕೆ ಬರಬೇಡ ಎಂದಿದ್ದನಂತೆ. ಕಣ್ಣು ಉಣ್ಣೆಗೆ ಮೋಸ ಹೋಗುತ್ತದೆ, ಬಣ್ಣಕ್ಕೆ ಮೋಸ ಹೋಗುತ್ತದೆ, ಮಾರುವವನ ಮುಖಕ್ಕೂ ಮೋಸ ಹೋಗುತ್ತದೆ. ಕೈ ಮೋಸ ಹೋಗುವುದಿಲ್ಲ ಎಂಬುದು ಅಪ್ಪನ ಸಿದ್ಧಾಂತ. ಎರಡು ದಿನ ಉಪವಾಸ ಬಿದ್ದ ಮೇಲೆ ಹುಡುಗನ ಕೈಗೆ ವಿದ್ಯೆ ಹತ್ತಿತು. ಅಲ್ಲಿಂದಾಚೆಗೆ ಐವತ್ತು ವರ್ಷ, ಕೊತ್ತತ್ತಿಯಿಂದ ಹಿಡಿದು ಮದ್ದೂರಿನವರೆಗೆ ಯಾರು ಬಿತ್ತನೆಗೆ ಟಗರು ಮಡಗಬೇಕಾದರೂ ತಿಮ್ಮಯ್ಯನ ಕೈಯಾಡಬೇಕಿತ್ತು. ಕತ್ತಿನ ಬುಡದಲ್ಲಿ ಒಂದು ಹಿಡಿ, ಸೊಂಟದ ಮೇಲೆ ಒಂದು ಅಂಗೈ, ತೊಡೆಯ ಸಂದಿಯಲ್ಲಿ ಒಂದು ಮುಷ್ಟಿ. ಅಷ್ಟಾದ ಮೇಲೆ ಅವನು "ಇರ್ಲಿ" ಅಂದರೆ ಇಟ್ಟುಕೊಳ್ಳುವುದು, "ಬುಡು" ಅಂದರೆ ಬಿಡುವುದು. ಪಶು ವೈದ್ಯರು ಬಂದು ಟೇಪು ಹಿಡಿದು ಅಳೆದು ಹೋದ ಮೇಲೂ ಜನ, ತಿಮ್ಮಯ್ಯ ಏನಂದ ಎಂದು ಕೇಳುತ್ತಿದ್ದರು.

ಇಂಥ ತಿಮ್ಮಯ್ಯ ಎಪ್ಪತ್ತಕ್ಕೆ ಕಾದು ಕೂತ ಮೇಲೆ ನಲವತ್ತು ಕುರಿಯನ್ನು ಏಳಕ್ಕಿಳಿಸಿದ. ಬಿತ್ತನೆ ಟಗರನ್ನು ಬೇರೆಯವರಿಗೆ ಕೊಟ್ಟ. ಒಂದು ಮರಿ ಟಗರಾಗಬೇಕು, ಅದರ ಮರಿಗಳು ಹುಟ್ಟಬೇಕು, ಆ ಮರಿಗಳು ಈಯಬೇಕು. ಟಗರಿನ ಯೋಗ್ಯತೆ ತಿಳಿಯುವುದು ಮೊಮ್ಮಕ್ಕಳಲ್ಲಿ, ಅದಕ್ಕೆ ನಾಲ್ಕು ವರ್ಷ ಬೇಕು. ಜೂನ್‌ವರೆಗೆ ಮಾತ್ರ ಕ್ಯಾಲೆಂಡರ್ ಇರುವವನಿಗೆ ನಾಲ್ಕು ವರ್ಷದ ಕೆಲಸ ಯಾಕೆ?

ಉಳಿದ ಏಳರಲ್ಲಿ ಒಂದು ಮುದಿ ಕುರಿ ಇತ್ತು. ಹೊಂಬಾಳಮ್ಮ ಮದುವೆಯಾಗಿ ಬಂದಾಗ ಅವಳ ತವರಿನವರು ಬಳುವಳಿಯಾಗಿ ಒಂದು ಕುರಿ ಹೊಡೆದು ಕಳಿಸಿದ್ದರು. ಅದರ ಮಗಳು, ಮಗಳ ಮಗಳು, ಹಾಗೇ ಐವತ್ತೆರಡು ವರ್ಷ ತುಂಡಾಗದೆ ಇಳಿದು ಬಂದ ತಳಿಯಲ್ಲಿ ಇದೇ ಕಡೆಯದು. ಅದು ಒಂದು ಗಂಡು ಮರಿ ಹಾಕಿ ವಾರದೊಳಗೆ ಸತ್ತಿತು. ಹೊಂಬಾಳಮ್ಮ ಮರಿಗೆ ಸೀಸೆಯಲ್ಲಿ ಹಸುವಿನ ಹಾಲು ಕುಡಿಸಿ ಸಾಕಿದಳು. ದೊಡ್ಡದಾದ ಮೇಲೆ ಬೇಯಿಸಿದ ಹುರುಳಿಯನ್ನು ಅಂಗೈಯಲ್ಲಿ ತಿನ್ನಿಸಿದಳು. ಇದನ್ನು ಮಾರಬೇಡ ಎಂದು ಗಂಡನಿಗೆ ಹೇಳಿದಳು. ತಿಮ್ಮಯ್ಯ ಒಪ್ಪಿದ. "ಇರ್ಲಿ ಬುಡು," ಅಂದ. "ನನ್ ತಿಥಿಗಾಯ್ತದೆ. ಬಂದೋರು ಬಂಡೂರ್ ಮರೀನೇ ತಿನ್ಕೊಂಡೋಗ್ಲಿ."

ಬಾಯಿ ತಿಥಿಯ ಮಾತಾಡುತ್ತಿತ್ತು, ಕೈ ಬೇರೆ ಏನೋ ಹೇಳುತ್ತಿತ್ತು. ದಿನಾ ಬೆಳಿಗ್ಗೆ ತಿಮ್ಮಯ್ಯ ಮರಿಯ ಸೊಂಟದ ಮೇಲೆ ಅಂಗೈ ಇಡುತ್ತಿದ್ದ. ಮೂರು ತಿಂಗಳಿಗೆ, ಇರಬಹುದೇನೋ ಅನ್ನಿಸಿತು. ಐದು ತಿಂಗಳಿಗೆ, ಇದೇನಪ್ಪ ಅನ್ನಿಸಿತು. ಏಳನೇ ತಿಂಗಳಿಗೆ ಅನುಮಾನ ಉಳಿಯಲಿಲ್ಲ: ಐವತ್ತು ವರ್ಷದಲ್ಲಿ ಅವನ ಕೈ ಇಂಥ ಮರಿಯನ್ನು ಮುಟ್ಟಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಸಾಯಲು ಕೂತವನು ಇಂಥದ್ದನ್ನೆಲ್ಲ ಹೇಳಿಕೊಂಡರೆ ಜನ ನಗುತ್ತಾರೆ.

ಈ ನಡುವೆ ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂದು, ಲೋಕವೆಲ್ಲ ಮಜ್ಜಿಗೆಯಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು. ಮಂಡ್ಯದಲ್ಲಿ ಒಂದು ದಿನದ ಆಪರೇಷನ್, ಬೆಳಿಗ್ಗೆ ಹೋಗಿ ಸಂಜೆ ಬರಬಹುದು ಎಂದು ರಘುನಂದನ್ ಎರಡು ವರ್ಷದಿಂದ ಹೇಳುತ್ತಿದ್ದ. ನೋಡುವುದೆಲ್ಲ ನೋಡಿಯಾಯಿತು, ಇನ್ನೆಷ್ಟು ದಿನಕ್ಕೆ ಹೊಸ ಕಣ್ಣು ಎಂದು ತಿಮ್ಮಯ್ಯ ತಳ್ಳಿಹಾಕುತ್ತಿದ್ದ. ಜೊತೆಗೆ, ಕಣ್ಣು ಕಾಣುವುದಿಲ್ಲ ಎಂದು ಅವನು ಒಪ್ಪಿಕೊಂಡಿರಲೂ ಇಲ್ಲ. ಕಾಣುತ್ತೆ ಎನ್ನುವುದು, ಬೇಡ ಎನ್ನುವುದು, ಎರಡನ್ನೂ ಒಟ್ಟಿಗೆ ನಡೆಸಿಕೊಂಡು ಬಂದಿದ್ದ. ನಾವೆಲ್ಲ ಒಂದಲ್ಲ ಒಂದು ವಿಷಯದಲ್ಲಿ ಹಾಗೇ ಅಲ್ಲವೇ?

ಒಂದು ಗುರುವಾರ ಕೆರಗೋಡಿನ ಜಯಪ್ರಕಾಶ್ ಮರಿ ಕೊಳ್ಳಲು ಬಂದ. ನಲವತ್ತೈದರ ಆಸುಪಾಸಿನ ಆಸಾಮಿ, ಮಂಡ್ಯದ ಸುತ್ತಮುತ್ತ ಬೀಗರೂಟಗಳಿಗೆ ಕುರಿ ಒದಗಿಸುವವನು. ಆ ದಿನ ಹೊಂಬಾಳಮ್ಮ ತಂಗಿಯ ಮನೆಗೆಂದು ಕೊತ್ತತ್ತಿಗೆ ಹೋಗಿದ್ದವಳು ಮರಳಿದ್ದು ರಾತ್ರಿಗೇ. ಮಾರಲಿಕ್ಕಿದ್ದದ್ದು ಅದೇ ವಾರಿಗೆಯ ಇನ್ನೊಂದು ಗಂಡು ಮರಿ, ಸಾಧಾರಣದ್ದು. ಎರಡೂ ಅಂಗಳದಲ್ಲಿ ಕಟ್ಟಿದ್ದವು. ಬಾಗಿಲ ಬಳಿಯಿದ್ದ ರಘುನಂದನ್‌ಗೆ ಹಸು ಗೊತ್ತೇ ಹೊರತು ಕುರಿ ಗೊತ್ತಿಲ್ಲ, ಅವನು ಒಂದೇ ಮಾತು ಹೇಳಿದ: "ಒಂದ್ ಕಿತ ಕೈಯಾಡ್ಸಿ ಕೊಡಪ್ಪ. ನಿಂಗೆ ಸರ್ಯಾಗಿ ಕಾಣಲ್ಲ."

ಅದೊಂದನ್ನು ಹೇಳಬಾರದಿತ್ತು. ಪರ ಊರಿನವನ ಎದುರು ಹೇಳಲೇಬಾರದಿತ್ತು. ತಿಮ್ಮಯ್ಯ ಜಗುಲಿಯಿಂದ ಏಳಲಿಲ್ಲ. ಐವತ್ತು ವರ್ಷದಲ್ಲಿ ಕೈಯಾಡಿಸದೆ ಒಂದು ಮರಿಯನ್ನೂ ಕೊಟ್ಟವನಲ್ಲ, ಅವತ್ತು ಹತ್ತು ಮಾರು ದೂರದಿಂದ ಕೋಲೆತ್ತಿ ತೋರಿಸಿದ: "ಕಲ್ಲಿನ್ ತಾವು ನಿಂತದಲ್ಲ, ಅದು. ಹೊಡ್ಕೊಂಡೋಗು."

ಮಾರುವವನೇ ಹಗ್ಗ ಬಿಚ್ಚಿಕೊಡಬೇಕು, ಹಗ್ಗ ಮನೆಯಲ್ಲೇ ಉಳಿಯಬೇಕು ಎಂಬುದು ಅವನ ಮನೆಯ ಪದ್ಧತಿ. ಕುರಿ ಮಾರಿದರೂ ಹಗ್ಗ ಮಾರಬಾರದು, ಹಗ್ಗದ ಜೊತೆ ಕೊಟ್ಟಿಗೆಯ ಅದೃಷ್ಟ ಹೋಗುತ್ತದಂತೆ. ಅದನ್ನೂ ಜಯಪ್ರಕಾಶನ ಕೈಯಲ್ಲೇ ಬಿಚ್ಚಿಸಿ, ಜಗುಲಿಗೆ ಎಸೆಸಿಕೊಂಡ. ಗಾಡಿ ಹೋಯಿತು. ತಿಮ್ಮಯ್ಯ ಮಗನ ಕಡೆ ತಿರುಗಿ, ಕಂಡೆಯಾ ನನ್ನ ಕಣ್ಣು ಎಂಬಂತೆ ಮೀಸೆ ಮೇಲೆ ಬೆರಳಾಡಿಸಿದ. ಮಗ ಇದ್ದ ಕಡೆಗೇ ತಿರುಗಿದ್ದ ಎಂಬುದು ಅವತ್ತಿನ ಒಂದೇ ಸಮಾಧಾನ.

ಮರುದಿನ ಬೆಳಿಗ್ಗೆ ಹೊಂಬಾಳಮ್ಮ ಹುರುಳಿ ಬೇಯಿಸಿ ತರುವಷ್ಟರಲ್ಲಿ ತಿಮ್ಮಯ್ಯ ಕೊಟ್ಟಿಗೆಗೆ ಹೋಗಿ, ಎಂದಿನಂತೆ ಮರಿಯ ಸೊಂಟದ ಮೇಲೆ ಅಂಗೈ ಇಟ್ಟ. ಕೈ ಅಲ್ಲೇ ನಿಂತುಬಿಟ್ಟಿತು. ಕತ್ತಿಗೆ ಹೋಯಿತು, ತೊಡೆಗೆ ಹೋಯಿತು, ಮತ್ತೆ ಸೊಂಟಕ್ಕೆ ಬಂತು. ಉಳಿದದ್ದು ಸಾಧಾರಣದ್ದು. ಅವನು ಕೊಟ್ಟಿಗೆಯ ಗೋಡೆಗೆ ಒರಗಿ ಕೂತ. ಹೊಂಬಾಳಮ್ಮ ಬಂದು ಮರಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಹುರುಳಿಯ ಪಾತ್ರೆ ಕೆಳಗಿಟ್ಟಳು. ಐವತ್ತೆರಡು ವರ್ಷದ ಸಂಸಾರದಲ್ಲಿ ಹೀಗೆ ಬೈಯದೆ ಬಿಟ್ಟದ್ದು ಇದೇ ಮೊದಲು.

ರಘುನಂದನ್ ಫೋನ್ ಹಚ್ಚಿದ. ಜಯಪ್ರಕಾಶ್ ಹೇಳಿದ್ದಿಷ್ಟು: ಗುರುವಾರ ಮೂರು ಊರಿಂದ ಹನ್ನೊಂದು ಮರಿ ತಂದಿದ್ದೇನೆ, ಎಲ್ಲಕ್ಕೂ ಉಣ್ಣೆ ಕತ್ತರಿಸಿ ಮೊದಲಿದ್ದವುಗಳ ಜೊತೆ ಬಿಟ್ಟಾಯಿತು, ಯಾವುದು ಯಾರದ್ದೆಂದು ನನಗೇ ಗೊತ್ತಿಲ್ಲ. ಭಾನುವಾರ ಮಂಡ್ಯದಲ್ಲಿ ಬೀಗರೂಟ, ಶನಿವಾರ ಬೆಳಿಗ್ಗೆ ಹದಿನೈದು ಮರಿ ಹೊರಡುತ್ತವೆ.

ಅವತ್ತು ಶುಕ್ರವಾರ. ಎಂಟು ವರ್ಷದಿಂದ ತನಗೆ ಉಳಿದ ದಿನ ಎಣಿಸುತ್ತಿದ್ದ ತಿಮ್ಮಯ್ಯ ಮೊದಲ ಸಲ ಇನ್ನೊಂದು ಜೀವಕ್ಕೆ ಉಳಿದ ದಿನ ಎಣಿಸಿದ. ಒಂದು. ಇದರಲ್ಲಿ ತಾತ, ಅಪ್ಪ, ಅಣ್ಣ ಯಾರ ಲೆಕ್ಕವೂ ಬೇಕಿರಲಿಲ್ಲ. ಡೈರಿಯ ಹಾಲಿನ ಲಾರಿ ಹೋದ ಮೇಲೆ ತಾನೇ ಗಾಡಿ ಮಾಡಿಕೊಂಡು ಕರೆದೊಯ್ಯುತ್ತೇನೆ, ಹತ್ತು ಗಂಟೆವರೆಗೆ ತಡಿ ಎಂದು ಮಗ ಹೇಳಿದ. ಎಲ್ಲಿಗೆ ಅವಸರ ಎಂದು ಎಂಟು ವರ್ಷ ಎಲ್ಲರಿಗೂ ಬುದ್ಧಿ ಹೇಳಿದವನು ಏಳೂವರೆ ಬಸ್ಸಿಗೇ ಹೊರಟ. ಹೆಗಲ ಮೇಲೆ ಹೋದ ಮರಿಯ ಹಗ್ಗ, ಪಕ್ಕದಲ್ಲಿ ಬದಲಿಗೆ ಕೊಡಲು ಆ ಸಾಧಾರಣ ಮರಿ, ಹಿಂದೆ ಹೊಂಬಾಳಮ್ಮ.

ಮಳವಳ್ಳಿಯಲ್ಲಿ ಮಂಡ್ಯದ ಬಸ್ಸು ಹತ್ತಿದಾಗ ಕಂಡಕ್ಟರ್ ಮರಿಯನ್ನು ಇಳಿಸಿ ಎಂದ. ತಿಮ್ಮಯ್ಯ ಇಳಿಸುವುದಿಲ್ಲ ಎಂದ. ಹತ್ತು ನಿಮಿಷ ಇಡೀ ಬಸ್ಸು ಎರಡು ಪಕ್ಷವಾಯಿತು. ಕುರಿಯ ಪಕ್ಷಕ್ಕೆ ಬಹುಮತ ಬಂತು. ಕೊನೆಗೆ ಹೆಂಗಸಾದ್ದರಿಂದ ಹೊಂಬಾಳಮ್ಮನಿಗೆ ಬಿಟ್ಟಿ ಟಿಕೆಟ್, ಮುದುಕನಾದ್ದರಿಂದ ತಿಮ್ಮಯ್ಯನಿಗೆ ರಿಯಾಯಿತಿ, ಗಂಡು ಮರಿಯಾದ್ದರಿಂದ ಕುರಿಗೆ ಲಗೇಜಿನ ಚಾರ್ಜು ಎಂದು ತೀರ್ಮಾನವಾಯಿತು. ಹೆಣ್ಣು ಮರಿಯಾಗಿದ್ದರೆ ಬಿಟ್ಟಿ ಕೊಡುತ್ತಿದ್ದೆಯಾ ಎಂದು ಹಿಂದಿನ ಸೀಟಿನಿಂದ ಯಾರೋ ಕೇಳಿದರು. ಆಧಾರ್ ಕಾರ್ಡ್ ಇದ್ದರೆ ಕೊಡುತ್ತಿದ್ದೆ ಎಂದ ಕಂಡಕ್ಟರ್. ಎಲ್ಲರೂ ನಕ್ಕರು. ತಿಮ್ಮಯ್ಯನಿಗೆ ಮಾತ್ರ ಬಸ್ಸು ಯಾಕೆ ಇಷ್ಟು ನಿಧಾನ ಎಂಬುದೊಂದೇ ಚಿಂತೆ. ಮಂಡ್ಯದಲ್ಲಿ ಇಳಿದು, ಒಂದು ಲೋಟ ಕಾಫಿ ಕುಡಿದು ಹೋಗೋಣವೆಂದು ಹೆಂಡತಿ ಕೇಳಿದರೆ, ಹೊತ್ತಿಲ್ಲ ಎಂದ. ಅವನ ಬಾಯಿಂದ ಆ ಮಾತು ಬಂದದ್ದಕ್ಕೆ ಹೊಂಬಾಳಮ್ಮ ಕಾಫಿ ಬಿಟ್ಟಳು, ಬೇಜಾರಿಲ್ಲದೆ ಬಿಟ್ಟಳು.

ಕೆರಗೋಡಿನಲ್ಲಿ ಜಯಪ್ರಕಾಶನ ಶೆಡ್ಡು ಊರಾಚೆ, ಕಬ್ಬಿನ ಗದ್ದೆಯ ಪಕ್ಕ. ನಲವತ್ತು ಮರಿಗಳು, ಎಲ್ಲವೂ ಒಂದೇ ಕ್ಷೌರದಂಗಡಿಯಿಂದ ಎದ್ದು ಬಂದವರ ಹಾಗೆ ನಿಂತಿದ್ದವು. ಜಯಪ್ರಕಾಶ್ ಕೆಟ್ಟವನಲ್ಲ. ಕುರ್ಚಿ ಹಾಕಿಸಿದ, ಮಜ್ಜಿಗೆ ತರಿಸಿದ. ಆದರೆ ವ್ಯಾಪಾರ ವ್ಯಾಪಾರವೇ. ಹಿರಿಯರೇ ಕೋಲೆತ್ತಿ ತೋರಿಸಿದ ಮರಿಯನ್ನೇ ತಾನು ತಂದದ್ದೆಂದೂ, ಆಳುಗಳ ಎದುರು ಹೀಗೆ ವಾಪಸು ಕೊಡಲು ಶುರುಮಾಡಿದರೆ ಪ್ರತಿ ಊರಿನವರೂ ಹಗ್ಗ ಹಿಡಿದು ಬರುತ್ತಾರೆಂದೂ ಹೇಳಿದ. ಅದೇನು ಅಂಥ ಮರಿ ಎಂದೂ ಕೇಳಿದ.

ತಿಮ್ಮಯ್ಯ ಮೊದಲ ಸಲ ಬಾಯಿಬಿಟ್ಟು ಹೇಳಿದ. ಹೆಂಡತಿಯ ತವರಿನ ತಳಿಯಲ್ಲಿ ಕಡೆಯದೆಂದ. ಐವತ್ತು ವರ್ಷದಲ್ಲಿ ಇಂಥದ್ದನ್ನು ಮುಟ್ಟಿಲ್ಲವೆಂದ. ಇದನ್ನು ತಿಥಿಗಲ್ಲ, ಬೀಗರೂಟಕ್ಕೂ ಅಲ್ಲ, ಬಿತ್ತನೆಗೆ ಮಡಗಬೇಕೆಂದ. ಹೊಂಬಾಳಮ್ಮ ಸೆರಗಿನ ಮರೆಯಲ್ಲಿ ಕಣ್ಣರಳಿಸಿ ಕೇಳುತ್ತಿದ್ದಳು, ಇದೆಲ್ಲ ಅವಳಿಗೂ ಹೊಸದೇ.

ಜಯಪ್ರಕಾಶ್ ಕೇಳಿದ: "ಬೇಜಾರ್ ಮಾಡ್ಕಬೇಡಿ ದೊಡ್ಡಪ್ಪ. ಬಿತ್ತನೆ ಟಗರು ಅಂದ್ರೆ ನಾಕ್ ವರ್ಸದ್ ಕ್ಯಾಮೆ. ನಿಮ್ಗೀಗ ಎಪ್ಪತ್ತೇಳು. ನಾಕ್ ವರ್ಸ ಇರ್ತೀರಾ?"

ಇದು ತಿಮ್ಮಯ್ಯನದೇ ಪ್ರಶ್ನೆ. ಎಂಟು ವರ್ಷದಿಂದ ಚಪ್ಪಲಿಯವನಿಗೆ, ಕೊಡೆಯವನಿಗೆ, ಡಾಕ್ಟರಿಗೆ, ಮಗನಿಗೆ ಅವನೇ ಕೇಳಿಕೊಂಡು ಬಂದದ್ದು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಇಷ್ಟು ಅಸಹ್ಯವಾಗಿರುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ.

"ನನ್ನೇನ್ ನೋಡೀಯೆ?" ಅಂದಳು ಹೊಂಬಾಳಮ್ಮ. "ಸಾಯ್ತೀನಿ ಸಾಯ್ತೀನಿ ಅಂತ ಎಂಟ್ ವರ್ಸ ಯೋಳ್ದೆ, ಸಾಯ್ನಿಲ್ಲ. ಇರ್ತೀನಿ ಅಂತ ಒಂದ್ ಕಿತ ಯೋಳು. ಅದೇನಾಯ್ತದೋ ನೋಡವ."

ಆಳುಗಳು ನಕ್ಕರು. ತಿಮ್ಮಯ್ಯ ನಗಲಿಲ್ಲ. ಹೆಗಲ ಮೇಲಿನ ಹಗ್ಗ ತೆಗೆದು ಕೈಗೆ ಸುತ್ತಿಕೊಂಡು, ಒಂದೊಂದೇ ಮಾತು ತೂಗಿ ಹೇಳಿದ: "ಇರ್ತೀನಿ ಕಣ್ಲಾ. ನಂಗೆ ನಾಕ್ ವರ್ಸ ಬೇಕು. ಕೊಡು ಅಂತ ನಿನ್ನ ಕೇಳ್ತಿಲ್ಲ. ನಿನ್ನ ಕೇಳ್ತಿರೋದು ಮರೀನ."

ಜಯಪ್ರಕಾಶ್ ತಲೆ ಕೆರೆದುಕೊಂಡ. ಆಮೇಲೆ ತನಗೂ ಮರ್ಯಾದೆ, ಮುದುಕನಿಗೂ ಮರ್ಯಾದೆ ಉಳಿಯುವಂಥ ಒಂದು ದಾರಿ ಹುಡುಕಿದ. ಮುಟ್ಟಿ ಹುಡುಕಿ, ಒಂದೇ ಮರಿ ತೆಗೆಯಬೇಕು. ಅದೇ ಆಗಿದ್ದರೂ ಸರಿ, ಬೇರೆಯಾಗಿದ್ದರೂ ಸರಿ, ತೆಗೆದದ್ದನ್ನು ಒಯ್ಯಬೇಕು, ತಂದದ್ದನ್ನು ಬಿಟ್ಟು ಹೋಗಬೇಕು. ನಾಳೆ ಇನ್ನೊಮ್ಮೆ ಬರುವಂತಿಲ್ಲ.

ತಿಮ್ಮಯ್ಯ ಒಪ್ಪಿ, ಚಪ್ಪಲಿ ಬಿಟ್ಟು ಒಳಗೆ ಹೋದ. ಹೆಗಲ ಮೇಲಿದ್ದ ಟವೆಲನ್ನು ಕಣ್ಣಿಗೆ ಕಟ್ಟಿಕೊಂಡ. ಹೊರಗೆ ನಿಂತವರಿಗೆ ಅದು ಶೋಕಿಯಾಗಿ ಕಂಡಿರಬಹುದು. ಅವನಿಗದು ಶೋಕಿಯಲ್ಲ, ನಿನ್ನೆ ಕಣ್ಣನ್ನು ನಂಬಿ ಕೆಟ್ಟವನು ಇವತ್ತು ಅದನ್ನು ಬಾಗಿಲಾಚೆಯೇ ಬಿಟ್ಟುಬರಬೇಕು. ಟವೆಲ್ ಬಿಗಿದ ಕೂಡಲೇ ಅರವತ್ತೈದು ವರ್ಷದ ಹಿಂದಿನ ಹಸಿವು ನೆನಪಾಯಿತು, ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಅಪ್ಪನ ಕೆಮ್ಮೂ ಕೇಳಿಸಿದ ಹಾಗಾಯಿತು.

ಮೊದಲನೆಯದರ ಕತ್ತು ಹಿಡಿದ. "ಬುಡು," ಎಂದ. ಎರಡನೆಯದು, ಬುಡು. ಐದನೆಯದರ ಸೊಂಟದ ಮೇಲೆ ಕೈ ಕೊಂಚ ನಿಂತು, ತೊಡೆಗೆ ಹೋಗಿ, ಬುಡು ಎಂದಿತು. ಆಳುಗಳು ಮೊದಮೊದಲು ಒಬ್ಬರನ್ನೊಬ್ಬರು ತಿವಿಯುತ್ತಿದ್ದವರು ಹತ್ತಾದ ಮೇಲೆ ನಗು ನಿಲ್ಲಿಸಿದರು. ಹದಿನೇಳನೆಯದಕ್ಕೆ ತಿಮ್ಮಯ್ಯ, ಇದರ ಎಡಗಾಲಿಗೆ ನೋವಿದೆ, ಗೊರಸು ನೋಡಿಸು ಎಂದು ಜಯಪ್ರಕಾಶನಿಗೆ ಹೇಳಿ ಮುಂದೆ ಹೋದ. ಆಳೊಬ್ಬ ಗೊರಸು ಎತ್ತಿ ನೋಡಿದರೆ ಒಳಗೆ ಮುಳ್ಳು. ಆಗ ಜಯಪ್ರಕಾಶ್ ಕಾಲ ಮೇಲೆ ಹಾಕಿದ್ದ ಕಾಲು ಇಳಿಸಿ ಎದ್ದುನಿಂತ. ಇಪ್ಪತ್ತು, ಇಪ್ಪತ್ತೈದು, ಮೂವತ್ತು. ತಿಮ್ಮಯ್ಯನ ಬೆನ್ನು ಬೆವರಿ ಅಂಗಿ ಅಂಟಿಕೊಂಡಿತು. ಒಂದುವೇಳೆ ಕೈಗೂ ಪೊರೆ ಬಂದಿದ್ದರೆ? ಹಾಗೊಂದು ಯೋಚನೆ ಬಂದು ಮೂವತ್ತೆರಡನೆಯದನ್ನು ಎರಡು ಸಲ ಮುಟ್ಟಿದ. ಬುಡು.

ಮೂವತ್ತಾರನೆಯ ಮರಿಯ ಸೊಂಟದ ಮೇಲೆ ಅಂಗೈ ಇಟ್ಟ. ಕತ್ತಿಗೆ ಹೋಗಲಿಲ್ಲ, ತೊಡೆಗೆ ಹೋಗಲಿಲ್ಲ. ಅಲ್ಲೇ ಮಂಡಿಯೂರಿ ಕೂತು, ಕೈಗೆ ಸುತ್ತಿಕೊಂಡಿದ್ದ ಹಗ್ಗ ಬಿಚ್ಚಿ ಅದರ ಕೊರಳಿಗೆ ಹಾಕಿದ.

"ಇರ್ಲಿ," ಎಂದ.

ಉಳಿದ ನಾಲ್ಕನ್ನೂ ಮುಟ್ಟಿ ನೋಡಿ ಎಂದು ಜಯಪ್ರಕಾಶ್ ಹೇಳಿದ. ತಿಮ್ಮಯ್ಯ ಬೇಡವೆಂದ. ಇದೇ ಎಂದು ಹೇಗೆ ನಂಬುವುದು ಎಂದು ಆಳೊಬ್ಬ ಗೊಣಗಿದ. ಆಗ ಹೊಂಬಾಳಮ್ಮ ಮುಂದೆ ಬಂದು, ಮಡಿಲಿನ ಗಂಟು ಬಿಚ್ಚಿ ಅಂಗೈ ಚಾಚಿದಳು. ಬೆಳಿಗ್ಗೆ ಬೇಯಿಸಿದ ಹುರುಳಿ. ಮರಿ ಹಗ್ಗದ ಸಮೇತ ತಿಮ್ಮಯ್ಯನನ್ನು ಎಳೆದುಕೊಂಡು ಬಂದು ಅವಳ ಕೈಗೆ ಮೂತಿ ಹಾಕಿತು. ಉಳಿದ ಮರಿಗಳು ನಿಂತಲ್ಲೇ ನಿಂತು ನೋಡಿದವು.

ಜಯಪ್ರಕಾಶ್ ಬಾಯಿ ತೆರೆದವನು ಮುಚ್ಚಲಿಲ್ಲ. "ನಿನ್ ತಾವು ಮೊದ್ಲೇ ಉಳ್ಳಿ ಇತ್ತಾ ದೊಡ್ಡವ್ವ?"

"ಇತ್ತು. ನಾನ್ ಒಳಿಕ್ ಬಂದಾಗ್ಲಿಂದ ಅದು ನನ್ ಮಡ್ಲನ್ನೇ ನೋಡ್ತಿತ್ತು."

"ಮತ್ಯಾಕ್ ಸುಮ್ಕಿದ್ದೆ?"

ಹೊಂಬಾಳಮ್ಮ ಗಂಡನ ಕಡೆ ನೋಡಿದಳು. ಅವನಿನ್ನೂ ಟವೆಲ್ ಬಿಚ್ಚಿರಲಿಲ್ಲ. "ಅವ್ನ್ ಕೈ ಬದ್ಕಿತ್ತಲ್ಲ," ಅಂದಳು. "ನಾನ್ಯಾಕ್ ಅಡ್ಡ ಬರ್ಲಿ?"

ವಾಪಸು ಬರುವಾಗ ಮಂಡ್ಯದಲ್ಲಿ ಕಾಫಿ ಕುಡಿದರು, ಅರ್ಧರ್ಧವಲ್ಲ, ಒಬ್ಬೊಬ್ಬರಿಗೆ ಒಂದೊಂದು. ಮಳವಳ್ಳಿ ಬಸ್ಸಿನಲ್ಲಿ ಮರಿಯನ್ನು ಕಾಲ ಸಂದಿಯಲ್ಲಿ ಕೂರಿಸಿಕೊಂಡು, ಊರು ಹತ್ತಿರ ಬರುವವರೆಗೂ ತಿಮ್ಮಯ್ಯ ಅದರ ಸೊಂಟದ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು, ಯಾವ ಕಣ್ಣು ಮೊದಲು ಮಾಡುತ್ತಾರಂತೆ ಎಂದು ಕೇಳಿದ. ಮರಿ ಹುಟ್ಟಿದಾಗ ಮುಖದ ಬಣ್ಣ ಕತ್ತಿನವರೆಗೆ ಇಳಿದಿದೆಯೋ ಇಲ್ಲವೋ ನೋಡಬೇಕಲ್ಲ, ಅದೊಂದು ಕೈಗೆ ತಿಳಿಯುವುದಿಲ್ಲ ಎಂದು ತಾನೇ ಕಾರಣವನ್ನೂ ಹೇಳಿದ. ಹೊಂಬಾಳಮ್ಮ ಕಾರಣ ಕೇಳಿರಲಿಲ್ಲ.

ಮೊದಲು ಬಲಗಣ್ಣು, ತಿಂಗಳು ಬಿಟ್ಟು ಎಡಗಣ್ಣು. ಪಟ್ಟಿ ಬಿಚ್ಚಿದ ದಿನ ತಿಮ್ಮಯ್ಯ ಹೆಂಡತಿಯನ್ನು ಬಹಳ ಹೊತ್ತು ದಿಟ್ಟಿಸಿ, ನಿನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತು ಎಂದು ಕೇಳಿದ. ನೀನು ಸಾಯಲು ಕೂತಿದ್ದಾಗ ಎಂದಳು ಅವಳು. ಮನೆಗೆ ಬಂದು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದರೆ ಜೂನ್ ಕಳೆದು ಮೂರು ತಿಂಗಳಾಗಿತ್ತು. ಚಪ್ಪಲಿ ನೋಡಿದ, ಅದನ್ನು ಹಾಕಿಕೊಂಡು ಮಂಡ್ಯಕ್ಕೆ ಹೋಗಿಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಮರುದಿನ ಮಳವಳ್ಳಿಗೆ ಹೋಗಿ ಹೊಸ ಜೊತೆ ಕೊಂಡ. ಅಂಗಡಿಯವನು ಒಂದು ವರ್ಷ ಗ್ಯಾರಂಟಿ ಎಂದದ್ದಕ್ಕೆ, ಒಂದೇನಾ ಎಂದು ಜಗಳ ತೆಗೆದನಂತೆ.

ಈಗ ಎರಡು ವರ್ಷವಾಯಿತು. ಮರಿ ಟಗರಾಗಿದೆ. ಹೊಂಬಾಳಮ್ಮ ಈಗಲೂ ಹುರುಳಿ ತಿನ್ನಿಸುತ್ತಾಳೆ, ಆದರೆ ಅಂಗೈಯಲ್ಲಲ್ಲ, ಅದರ ಪ್ರೀತಿಗೆ ಈಗ ಮನುಷ್ಯರು ಉರುಳಿಬೀಳುತ್ತಾರೆ. ಕೊಟ್ಟಿಗೆಯಲ್ಲಿ ಏಳಿದ್ದದ್ದು ಹತ್ತೊಂಬತ್ತಾಗಿದೆ. ಮೊದಲ ಬೆಳೆಯಲ್ಲಿ ಒಂಬತ್ತು ಮರಿ, ಅದರಲ್ಲಿ ಐದು ಹೆಣ್ಣು. ಒಂಬತ್ತರ ಮೇಲೂ ತಿಮ್ಮಯ್ಯ ಮೊದಲು ಕೈಯಾಡಿಸಿದ, ಆಮೇಲೆ ಕಣ್ಣಾಡಿಸಿದ, ಎರಡೂ ಒಂದೇ ಮಾತು ಹೇಳಿದ ಮೇಲೆ ಜಗುಲಿಗೆ ಬಂದು ಕೂತು, ಯಾರಾದರೂ ದಾರಿಯಲ್ಲಿ ಹೋಗುತ್ತಾರೇನೋ ಎಂದು ಕಾದ. ಹೋದವರನ್ನೆಲ್ಲ ಕರೆದು ತೋರಿಸಿದ. ಊರಿನಲ್ಲಿ ಈಗ ಅವನ ಕಣ್ಣು ತಪ್ಪಿಸಿ ಓಡಾಡುವುದು ಕಷ್ಟ, ಮೊದಲಾದರೆ ಸುಲಭವಿತ್ತು.

ಸುದ್ದಿ ಕೆರಗೋಡಿಗೂ ಹೋಯಿತು. ಮೊನ್ನೆ ಜಯಪ್ರಕಾಶ್ ಬಂದಿದ್ದ, ಈ ಸಲ ಬೀಗರೂಟಕ್ಕಲ್ಲ. ತಾನೂ ನಾಲ್ಕು ಕುರಿ ಸಾಕಿ ತಳಿ ಮಾಡುವ ಯೋಚನೆಯಲ್ಲಿದ್ದೇನೆ, ಈ ಟಗರಿನದೊಂದು ಗಂಡು ಮರಿ ಕೊಡಿ ಎಂದ. ಸ್ವಲ್ಪ ದಪ್ಪಗಾಗಿದ್ದ. ಜಗುಲಿಯ ಮೂರು ಮೆಟ್ಟಿಲಿಗೆ ಏದುಸಿರು. ಶುಗರ್ ಬಂದಿದೆಯಂತೆ, ಕಾಫಿಗೆ ಸಕ್ಕರೆ ಬೇಡವೆಂದ.

ಎಪ್ಪತ್ತೊಂಬತ್ತರ ತಿಮ್ಮಯ್ಯ ಅವನನ್ನು ಕೊಟ್ಟಿಗೆಗೆ ಕರೆದೊಯ್ದು ಎಲ್ಲವನ್ನೂ ತೋರಿಸಿದ. ಮರಿ ಮಾತ್ರ ಈಗ ಕೊಡುವುದಿಲ್ಲವೆಂದ. ಈ ಐದು ಹೆಣ್ಣು ಮರಿಗಳು ಬೆಳೆದು ಈಯಬೇಕು, ಅವುಗಳ ಮರಿಗಳನ್ನು ಮುಟ್ಟಿ ನೋಡಬೇಕು, ಆಮೇಲೇ ಈ ಟಗರಿನ ಮೇಲೆ ತನ್ನ ಮಾತು. ಇನ್ನೂ ಎರಡು ವರ್ಷ.

ಬರುತ್ತೇನೆ ಎಂದ ಜಯಪ್ರಕಾಶ್.

ತಿಮ್ಮಯ್ಯ ಹೊಸ ಕಣ್ಣಿನಿಂದ ಅವನನ್ನು ಮೇಲಿಂದ ಕೆಳಗೆ ನೋಡಿದ. ಸಾಲದೆಂಬಂತೆ ಹತ್ತಿರ ಹೋಗಿ, ಅವನ ಕತ್ತಿನ ಬುಡದಲ್ಲಿ ಒಂದು ಹಿಡಿ ಹಿಡಿದು, ಸೊಂಟದ ಮೇಲೆ ಅಂಗೈ ಇಟ್ಟ.

"ಬಾ," ಅಂದ. "ನಾನೇನೋ ಇರ್ತೀನಿ. ನೀನ್ ಒಸಿ ಮುದ್ದೆ ಕಮ್ಮಿ ಮಾಡ್ಲಾ."